ಪಾಕವೋ, ಭಾಗವೋ? ಧರ್ಮಪುರಿಯ ಒಂದು ಒಬ್ಬಟ್ಟಿನ ಲೆಕ್ಕ

ಧರ್ಮಪುರಿ: ಕಳೆದ ಯುಗಾದಿಗೆ ನಮ್ಮ ದೊಡ್ಡಮ್ಮನ ಮನೆಯಲ್ಲಿ ಒಬ್ಬಟ್ಟು ಕೆಟ್ಟಿತು. ಆ ಮನೆಯಲ್ಲಿ ಹಾಗಾದದ್ದು ಅದೇ ಮೊದಲು.

ಹಬ್ಬದ ಹಿಂದಿನ ದಿನವೇ ದೊಡ್ಡಮ್ಮನಿಗೆ ಜ್ವರ. ವಯಸ್ಸು ಎಂಬತ್ತು ದಾಟಿದೆ. ಒಲೆ ಮುಂದೆ ನಿಲ್ಲುವುದೇ ಬೇಡ ಎಂದು ಮಗ, ಸೊಸೆ ಇಬ್ಬರೂ ಹಾಸಿಗೆ ಬಿಟ್ಟು ಏಳಗೊಡಲಿಲ್ಲ. ಒಬ್ಬಟ್ಟಿನ ಕೆಲಸ ಸೇಲಂನಲ್ಲಿ ಕಾಲೇಜು ಓದುತ್ತಿರುವ ಮೊಮ್ಮಗಳ ಪಾಲಿಗೆ ಬಂತು. ಅವಳೇನೂ ಅಡುಗೆ ಗೊತ್ತಿಲ್ಲದ ಹುಡುಗಿಯಲ್ಲ. ಮನೆಯಲ್ಲೊಂದು ಚಿಕ್ಕ ಓವನ್ ಇದೆ. ಭಾನುವಾರ ಬಂದರೆ ಸಿಹಿ ಬನ್ನು, ಬಾಳೆಹಣ್ಣಿನ ಕೇಕು ಮಾಡಿ ಅಕ್ಕಪಕ್ಕದ ಮನೆಗಳಿಗೆಲ್ಲ ಹಂಚುತ್ತಾಳೆ. "ಅಜ್ಜಿ ನೋಟ್‌ಬುಕ್ ಇದೆಯಲ್ಲ ಅತ್ತೆ, ನೋಡ್ಕೊಂಡು ಮಾಡ್ತೀನಿ" ಅಂತ ಧೈರ್ಯವಾಗಿಯೇ ಶುರು ಮಾಡಿದಳು.

ಆ ನೋಟ್‌ಬುಕ್ಕಿನ ಬಗ್ಗೆ ಒಂದು ಮಾತು ಹೇಳಬೇಕು. ಅದು ಹಳೇ ಶಾಲಾ ಪುಸ್ತಕ. ಅಂಚೆಲ್ಲ ಎಣ್ಣೆ ಜಿಡ್ಡು. ಅದರಲ್ಲಿರುವ ಭಾಷೆ ಕನ್ನಡ, ಬರೆದಿರುವ ಅಕ್ಷರ ತಮಿಳು. ದೊಡ್ಡಮ್ಮ ಓದಿದ್ದು ಐದನೇ ಕ್ಲಾಸಿನ ತನಕ, ಅದೂ ತಮಿಳು ಶಾಲೆಯಲ್ಲಿ. ಮನೆಯಲ್ಲಿ ಹುಟ್ಟಿದಾಗಿನಿಂದ ಕನ್ನಡವನ್ನೇ ಆಡಿದ ಅವರಿಗೆ ಕನ್ನಡದ ಒಂದಕ್ಷರವೂ ಬರೆಯಲು ಬರದು. ತಮ್ಮ ಅತ್ತೆಯ ಬಾಯಲ್ಲಿ ಕೇಳಿದ್ದನ್ನು ತಮಗೆ ಗೊತ್ತಿದ್ದ ಅಕ್ಷರದಲ್ಲಿ ಬರೆದಿಟ್ಟಿದ್ದರು, ಅಷ್ಟೇ.

ಅದರಲ್ಲಿದ್ದ ಸಾಲು ಇದು: 'ಬೇಳೆ ಬಸಿದ ಮೇಲೆ ಬೆಲ್ಲ ಒಂದು ಬಾಗ ಸೇರಿಸು.' ಬೇಳೆ ಎಷ್ಟೋ ಬೆಲ್ಲವೂ ಅಷ್ಟೇ, ಅಂದರೆ ಸಮಭಾಗ ಎಂದು ಅರ್ಥ. ಆದರೆ ತಮಿಳಿನಲ್ಲಿ ಪ, ಬ ಎರಡಕ್ಕೂ ಅಕ್ಷರ ಒಂದೇ. ಕ, ಗ ಎರಡಕ್ಕೂ ಒಂದೇ. 'ಬಾಗ' ಎಂದು ಬರೆದರೂ 'ಪಾಕ' ಎಂದು ಬರೆದರೂ ಕಾಗದದ ಮೇಲೆ ಮೂಡುವುದು ಒಂದೇ ಪದ. ಹುಡುಗಿ ಅದನ್ನು 'ಪಾಗ' ಎಂದು ಓದಿದಳು. ತಮಿಳಿನಲ್ಲಿ ಬೆಲ್ಲದ ಪಾಕಕ್ಕೆ 'ಪಾಗು' ಅನ್ನುತ್ತಾರೆ. ಸರಿ, ಬೆಲ್ಲಕ್ಕೆ ನೀರು ಹಾಕಿ ಒಂದೆಳೆ ಪಾಕ ಬರಿಸಿ ಬೆಂದ ಬೇಳೆಗೆ ಸುರಿದಳು. ಹೂರಣ ನೀರಾಯಿತು. ಕಣಕದೊಳಗೆ ನಿಲ್ಲದೆ ಹೆಂಚಿನ ಮೇಲೆಲ್ಲ ಹರಿಯಿತು. ಮತ್ತೆ ಒಲೆ ಮೇಲಿಟ್ಟು ಬತ್ತಿಸಲು ಹೋದರೆ ಬಾಣಲೆಗೆ ಅಂಟಿಕೊಂಡಿತು.

ಒಳಮನೆಯಿಂದ ದೊಡ್ಡಮ್ಮ ಕೇಳಿದರು: "ಏನ್ ಮಾಡಿದೆ ಕಣೇ?"

"ಒಂದು ಪಾಕ ಅಂತ ಬರ್ದಿದ್ದೀರಲ್ಲಜ್ಜಿ, ಅದಕ್ಕೇ ಪಾಕ ಬರಿಸಿ ಹಾಕಿದೆ."

ದೊಡ್ಡಮ್ಮ ಜ್ವರದಲ್ಲೂ ನಕ್ಕುಬಿಟ್ಟರು. "ಪಾಕ ಅಲ್ಲ ಕಣೇ, ಬಾಗ! ಬಾಗ! ನಾನಿರೋ ಹೊತ್ತಿಗೆ ಕೇಳ್ದೆ, ಸರಿಹೋಯ್ತು. ನಾನಿಲ್ದಿದ್ರೆ ನಮ್ಮನೇಲಿ ಇನ್ಮೇಲೆ ಪಾಕದ ಒಬ್ಬಟ್ಟೇ ಆಗೋದು."

ನಗುವಿನ ಮಾತೇ ಹೌದು. ಆದರೆ ಆ ಮಾತು ಅಂದಿನಿಂದ ತಲೆಯಲ್ಲಿ ಕೊರೆಯುತ್ತಿದೆ. ಸೇಲಂ, ಧರ್ಮಪುರಿ ಕಡೆಯ ಎಷ್ಟು ಕನ್ನಡ ಮನೆಗಳಲ್ಲಿ ಹೀಗೆ ಅಜ್ಜಿಯ ಬಾಯಿ ಒಂದೇ ಆಧಾರವಾಗಿ ಉಳಿದಿದೆಯೋ?

ಬಕಾರವಿಲ್ಲದ ಒಬ್ಬಟ್ಟು

ಈ ತೊಂದರೆ ಒಬ್ಬಟ್ಟಿನ ಹೆಸರಿನಿಂದಲೇ ಶುರುವಾಗುತ್ತದೆ. ತಮಿಳು ಅಕ್ಷರದಲ್ಲಿ 'ಬ್ಬ' ಬರೆಯಲು ದಾರಿಯೇ ಇಲ್ಲ. ಒತ್ತಕ್ಷರ ಹಾಕಿದರೆ ಅದು 'ಪ್ಪ' ಎಂದೇ ಓದಿಸಿಕೊಳ್ಳುತ್ತದೆ. ನೋಟ್‌ಬುಕ್ಕಿನಲ್ಲಿ ಒಬ್ಬಟ್ಟು 'ಒಪ್ಪಟ್ಟು' ಆಗಿದೆ. ಬೆಲ್ಲ 'ಪೆಲ್ಲ' ಆಗಿದೆ. ಗಸಗಸೆ 'ಕಸಕಸೆ' ಆಗಿದೆ. ಕೊಯಮತ್ತೂರು, ಈರೋಡು ಸೀಮೆಯ ತಮಿಳರ ಮನೆಗಳಲ್ಲೂ ಇದೇ ತಿಂಡಿಗೆ 'ಒಪ್ಪುಟ್ಟು' ಎಂಬ ಹೆಸರಿದೆ. ಉಳಿದ ಕಡೆ ತಮಿಳರು ಇದನ್ನು 'ಪೋಳಿ' ಎನ್ನುತ್ತಾರೆ.

ಪೋಳಿ ಕೂಡ ನಮಗೆ ಹೊರಗಿನ ಮಾತಲ್ಲ. ಹಳಗನ್ನಡದ ಎಷ್ಟೋ ಪದಗಳ ಮೊದಲಿನ ಪಕಾರ ಮುಂದೆ ಹಕಾರವಾಯಿತು. ತಮಿಳಿನ ಪಾಲ್ ನಮ್ಮಲ್ಲಿ ಹಾಲು. ಪುಳಿ ನಮ್ಮಲ್ಲಿ ಹುಳಿ. ಹಾಗೆಯೇ ಪೂರಣ ಹೂರಣವಾಯಿತು, ಪೋಳಿಯ ಬಳಗದ ಮಾತು ಹೋಳಿಗೆಯಾಯಿತು. ತಮಿಳಿನ ವೆಲ್ಲಂ ನಮ್ಮಲ್ಲಿ ಬೆಲ್ಲ. ಒಂದು ಹೋಳಿಗೆಯ ಸಾಮಾನು ಪಟ್ಟಿ ಹಿಡಿದು ಕೂತರೆ ಎರಡೂ ಭಾಷೆಯ ನಂಟು ಅಲ್ಲೇ ಕಾಣುತ್ತದೆ.

ಆದರೆ ಪದಾರ್ಥದ ಹೆಸರು ಹೇಗೋ ಉಳಿಯುತ್ತದೆ. ಅಂಗಡಿಯವನು ಅರ್ಥ ಮಾಡಿಕೊಳ್ಳುತ್ತಾನೆ. ಕಷ್ಟ ಇರುವುದು ಹದದ ಮಾತುಗಳಲ್ಲಿ. ಕಣಕ 'ನಾದು', 'ನೆನೆಯಲು ಬಿಡು', ಬೇಳೆ 'ಬಸಿ', ಹೂರಣ 'ಗಟ್ಟಿ ಆಗೋ ತನಕ ಮಗುಚು'. ಇವಕ್ಕೆಲ್ಲ ತಮಿಳಿನಲ್ಲೂ ಮಾತುಗಳಿವೆ, ಇಲ್ಲವೆಂದಲ್ಲ. ಆದರೆ ಈ ಮನೆಗಳಲ್ಲಿ ಕೈಗೆ ಗೊತ್ತಿರುವ ಹದ ಕನ್ನಡದ ಮಾತಿಗೆ ಅಂಟಿಕೊಂಡಿದೆ. ಮಾತು ಮರೆತರೆ ಹದವೂ ಜಾರುತ್ತದೆ. "ಕಣಕ ಕಿವಿ ಹಾಲೆಯಷ್ಟು ಮೆತ್ತಗಿರ್ಬೇಕು" ಅಂತ ದೊಡ್ಡಮ್ಮ ಹೇಳುವುದನ್ನು ನೋಟ್‌ಬುಕ್ಕಿನಲ್ಲಿ ಹುಡುಕಿದರೆ ಸಿಗದು. ಅದನ್ನವರು ಬರೆದೇ ಇಲ್ಲ. ಯಾಕೆ ಬರೆಯಬೇಕು, ಹೇಳಲು ತಾವೇ ಇದ್ದೀವಲ್ಲ ಎಂದುಕೊಂಡಿದ್ದರು.

ಗೆರೆ ಬಿದ್ದದ್ದು ಆಮೇಲೆ

ಇಲ್ಲಿ ಕನ್ನಡ ಹೇಗೆ ಬಂತು ಎಂದು ಕೇಳುವವರು ಬೆಂಗಳೂರಿನಲ್ಲೂ ಇದ್ದಾರೆ. ಪಾಲಕ್ಕೋಡು ಕಡೆ ಹೋದರೆ ಊರಿನ ಬೋರ್ಡುಗಳೇ ಉತ್ತರ ಹೇಳುತ್ತವೆ. ಮಾರಂಡಹಳ್ಳಿ, ಎರ್ರನಹಳ್ಳಿ, ಬೆಳಮಾರನಹಳ್ಳಿ. ತಮಿಳು ಅಕ್ಷರದಲ್ಲಿ ಬರೆದಿದ್ದರೂ 'ಹಳ್ಳಿ' ಹಳ್ಳಿಯಾಗಿಯೇ ಇದೆ. ಪೆನ್ನಾಗರಂ ದಾಟಿ ಹೋದರೆ ಸಿಗುವ ಜಲಪಾತದ ಹೆಸರು ಹೊಗೇನಕಲ್. ಹೊಗೆಯೂ ಕಲ್ಲೂ ಎರಡೂ ನಮ್ಮವೇ ಮಾತು.

ಈ ಸೀಮೆಗೆ ಹಿಂದೆ ಬಾರಾಮಹಲ್ ಎಂದು ಹೆಸರಿತ್ತು. ಮೈಸೂರಿನ ಆಡಳಿತದಲ್ಲಿದ್ದ ಇದು 1792ರ ಶ್ರೀರಂಗಪಟ್ಟಣ ಒಪ್ಪಂದದ ಪ್ರಕಾರ ಟಿಪ್ಪುವಿನಿಂದ ಇಂಗ್ಲಿಷರ ಕೈಗೆ ಹೋಯಿತು. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳಾದಾಗ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು. ಸೇಲಂ ಜಿಲ್ಲೆ ಮದ್ರಾಸು ರಾಜ್ಯದಲ್ಲೇ ಉಳಿಯಿತು. 1965ರಲ್ಲಿ ಸೇಲಂನಿಂದ ಧರ್ಮಪುರಿ ಬೇರೆ ಜಿಲ್ಲೆಯಾಯಿತು. 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಬೇರೆಯಾಯಿತು. ಜನ ಎಲ್ಲಿಗೂ ಹೋಗಲಿಲ್ಲ. ಜಿಲ್ಲೆಯ ಹೆಸರು ಮಾತ್ರ ಬದಲಾಗುತ್ತ ಬಂತು.

ಸೇಲಂ ಪಟ್ಟಣದ ಮಾತು ಇನ್ನೊಂದು ಬಗೆ. ಅಲ್ಲಿ ಕನ್ನಡ ಉಳಿದಿರುವುದು ಬಹಳವಾಗಿ ಮಗ್ಗದ ಮನೆಗಳಲ್ಲಿ. ಚೌಡೇಶ್ವರಿಯನ್ನು ಕುಲದೇವತೆಯಾಗಿ ಪೂಜಿಸುವ ದೇವಾಂಗ ನೇಕಾರರಲ್ಲಿ ಕನ್ನಡ ಮಾತನಾಡುವವರೂ ಇದ್ದಾರೆ, ತೆಲುಗು ಮಾತನಾಡುವವರೂ ಇದ್ದಾರೆ. ತಲೆಮಾರುಗಳಿಂದ ತಮಿಳಿನ ನಡುವೆ ಇದ್ದು ಅವರ ಕನ್ನಡಕ್ಕೆ ತಮಿಳಿನ ಧಾಟಿ ಬಂದಿದೆ. ಬೆಂಗಳೂರಿನಿಂದ ಹೋದವರಿಗೆ ಮೊದಲ ಸಲ ಕೇಳಿದಾಗ ಅರ್ಧ ಅರ್ಥವಾಗುತ್ತದೆ, ಅರ್ಧ ಕೇಳಿ ತಿಳಿದುಕೊಳ್ಳಬೇಕು.

ಓದು ಬರಹದ ಮಾತು ಬಂದರೆ ಎರಡೂ ಕಡೆ ಸಂಗತಿ ಒಂದೇ. ಹೊಸೂರು, ತಳಿ, ಡೆಂಕಣಿಕೋಟೆ ಭಾಗದಲ್ಲಿ ಕನ್ನಡ ಶಾಲೆಗಳಿವೆ. ಕೆಳಗೆ ಇಳಿದಂತೆ ಆ ಅನುಕೂಲ ಇಲ್ಲ. ತಮಿಳುನಾಡಿನಲ್ಲಿ 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ಒಂದನೇ ತರಗತಿಯಿಂದ ಹಂತ ಹಂತವಾಗಿ ತಮಿಳು ಕಡ್ಡಾಯವಾಯಿತು. ಇರುವ ರಾಜ್ಯದ ಭಾಷೆ ಕಲಿಯುವುದು ಬದುಕಿಗೆ ಬೇಕೇ ಬೇಕು, ಅದರಲ್ಲಿ ತಕರಾರಿಲ್ಲ. ಜೊತೆಗೆ ಮನೆಯ ಭಾಷೆಯ ನಾಲ್ಕಕ್ಷರ ಕಲಿಸುವವರು ಯಾರು ಎಂಬುದಷ್ಟೇ ಪ್ರಶ್ನೆ. ಯುಗಾದಿ ಹಬ್ಬದ ರಜೆ ಕೂಡ ಇಲ್ಲಿನ ಸರ್ಕಾರಿ ಪಟ್ಟಿಯಲ್ಲಿ 'ತೆಲುಗು ಹೊಸ ವರ್ಷ' ಎಂಬ ಹೆಸರಿನಲ್ಲಿದೆ. ನಮ್ಮವರು ಆ ರಜೆಯಲ್ಲೇ ಒಬ್ಬಟ್ಟು ತಟ್ಟುತ್ತಾರೆ.

ಬೋರ್ಡಿನಲ್ಲಿ ಬೆಂಗಳೂರು

ಮೊಮ್ಮಗಳಿಗೆ ಬನ್ನಿನ ಹುಚ್ಚು ಹತ್ತಿದ್ದು ಬಸ್ ಸ್ಟ್ಯಾಂಡಿನ ಬಳಿಯ ಬೇಕರಿಯಿಂದ. ಸೇಲಂ, ಧರ್ಮಪುರಿಯಲ್ಲಷ್ಟೇ ಅಲ್ಲ, ತಮಿಳುನಾಡಿನ ಯಾವ ಊರಿಗೆ ಹೋದರೂ 'ಬೆಂಗಳೂರು ಅಯ್ಯಂಗಾರ್ ಬೇಕರಿ' ಎಂಬ ಬೋರ್ಡು ಕಾಣುತ್ತದೆ. ಬರೆದಿರುವುದು ತಮಿಳಿನಲ್ಲಿ, ಹೆಸರು ಬೆಂಗಳೂರಿನದು.

ಈ ಹೆಸರಿನ ಮೂಲ 1898ರಷ್ಟು ಹಿಂದಿನದು. ಆ ವರ್ಷ ಎಚ್.ಎಸ್. ತಿರುಮಲಾಚಾರ್ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ, ಅಂದರೆ ಬೆಂಗಳೂರು ಬ್ರದರ್ಸ್ ಬೇಕರಿ ತೆರೆದರು. ಮುಂದೆ ಹಾಸನ ಜಿಲ್ಲೆಯ ಹಳ್ಳಿಗಳ ಅಯ್ಯಂಗಾರ್ ಕುಟುಂಬಗಳು ಒಂದೊಂದಾಗಿ ಈ ಕಸುಬಿಗೆ ಬಂದವು. ಮೊಟ್ಟೆ ಮುಟ್ಟದವರೂ ಬ್ರೆಡ್ಡು, ಬನ್ನು ತಿನ್ನುವಂತಾಯಿತು. ಖಾರಾ ಬನ್ನು, ತೆಂಗಿನಕಾಯಿ ಹೂರಣದ ದಿಲ್‌ಪಸಂದ್, ಜೇನು ಕೇಕು ಮನೆಮಾತಾದವು.

ಇದರಲ್ಲೊಂದು ಸ್ವಾರಸ್ಯವಿದೆ. ಹಾಸನ ಸೀಮೆಯ ಹೆಬ್ಬಾರ್ ಅಯ್ಯಂಗಾರರ ಮನೆಮಾತು ಕನ್ನಡ ಬೆರೆತ ಒಂದು ಬಗೆಯ ತಮಿಳು. ಕನ್ನಡ ನಾಡಿನಲ್ಲಿ ನೆಲೆಸಿದ ತಮಿಳು ಮನೆಮಾತಿನವರು ಬೆಂಗಳೂರಿನಲ್ಲಿ ಕಟ್ಟಿದ ಬೇಕರಿಯ ಹೆಸರು ಮತ್ತೆ ತಮಿಳುನಾಡಿಗೆ ಬಂದು, ಅಲ್ಲಿರುವ ಕನ್ನಡ ಮನೆಯ ಹುಡುಗಿಗೆ ಬನ್ನಿನ ರುಚಿ ಹತ್ತಿಸಿತು. ಇಂಥದ್ದು ನಮ್ಮದು, ಇಂಥದ್ದು ಅವರದು ಎಂದು ಇಲ್ಲಿ ಗೆರೆ ಎಳೆಯುವುದು ಕಷ್ಟ.

ಕೆಟ್ಟ ಹೂರಣ ಬನ್ನಾದದ್ದು

ಮತ್ತೆ ಯುಗಾದಿಯ ದಿನಕ್ಕೆ ಬರೋಣ. ಬಾಣಲೆಯಲ್ಲಿ ಅಂಟಂಟಾಗಿ ಕೂತಿದ್ದ ಹೂರಣವನ್ನು ಏನು ಮಾಡುವುದು? ಎಸೆಯಲು ದೊಡ್ಡಮ್ಮ ಬಿಡುವವರಲ್ಲ. ಅಷ್ಟು ಬೇಳೆ, ಅಷ್ಟು ಬೆಲ್ಲ. ಹುಡುಗಿ ಒಂದು ಉಪಾಯ ಮಾಡಿದಳು. ಹೂರಣಕ್ಕೆ ಸ್ವಲ್ಪ ಹುರಿದ ಕೊಬ್ಬರಿ ತುರಿ ಸೇರಿಸಿ ಸಣ್ಣ ಉರಿಯಲ್ಲಿ ಬತ್ತಿಸಿದಳು. ಈಸ್ಟ್ ಹಾಕಿ ಕಲಸಿದ ಮೈದಾ ಹಿಟ್ಟಿನ ಉಂಡೆಗಳೊಳಗೆ ತುಂಬಿ ಓವನ್ನಿಗೆ ಇಟ್ಟಳು. ಹೆಂಚಿನ ಮೇಲೆ ತೆಳ್ಳಗೆ ತಟ್ಟುವ ಒಬ್ಬಟ್ಟಿನಲ್ಲಿ ನಿಲ್ಲದ ಹೂರಣ, ದಪ್ಪ ಹಿಟ್ಟಿನ ಗೋಡೆಯೊಳಗೆ ನಿಂತಿತು.

ಸಂಜೆ ದೊಡ್ಡಮ್ಮ ಒಂದು ಬನ್ನು ಮುರಿದು ಬಾಯಿಗಿಟ್ಟುಕೊಂಡರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೆತ್ತಗೈತೆ. ಏಲಕ್ಕಿ ಸಾಲ್ದು. ದೇವ್ರ ಎಡೆಗೆ ಇದು ಬ್ಯಾಡ, ನಾವು ತಿನ್ನೋಕೆ ಆಯ್ತು" ಅಂದರು. ಅವರ ಬಾಯಲ್ಲಿ ಇಷ್ಟು ಬಂದರೆ ಅದು ದೊಡ್ಡ ಮೆಚ್ಚುಗೆ.

ಆಮೇಲಿನ ವಾರ ಅಜ್ಜಿ ಮೊಮ್ಮಗಳು ಇಬ್ಬರೂ ಪಕ್ಕಪಕ್ಕ ಕೂತು ಕಣಕವನ್ನೂ ಬನ್ನಿನ ಹಿಟ್ಟನ್ನೂ ಕಲಸಿದರು. ಎರಡರ ಒಳಗುಟ್ಟು ಒಂದೇ. ಗೋಧಿಗೆ ನೀರು ಸೇರಿಸಿ ನಾದಿದಾಗ ಅಂಟಿನಂಥ ಬಲೆಯೊಂದು ಹುಟ್ಟುತ್ತದೆ. ಅದಕ್ಕೆ ಗ್ಲುಟೆನ್ ಎನ್ನುತ್ತಾರೆ. ನಾದಿದ ಕೂಡಲೇ ಆ ಬಲೆ ಬಿಗಿಯಾಗಿರುತ್ತದೆ, ಎಳೆದರೆ ಹಿಂದಕ್ಕೆ ಸೇದುತ್ತದೆ. ಎರಡು ಮೂರು ಗಂಟೆ ಎಣ್ಣೆ ಹಾಕಿ ನೆನೆಯಲು ಬಿಟ್ಟರೆ ಸಡಿಲವಾಗಿ, ಒಬ್ಬಟ್ಟನ್ನು ಎಲೆಯಷ್ಟು ತೆಳ್ಳಗೆ ತಟ್ಟಬಹುದು. ಬನ್ನಿನಲ್ಲಿ ಈಸ್ಟ್ ಬಿಡುವ ಗಾಳಿಯನ್ನು ಅದೇ ಬಲೆ ಹಿಡಿದಿಟ್ಟುಕೊಂಡು ಹಿಟ್ಟನ್ನು ಉಬ್ಬಿಸುತ್ತದೆ. ಹಾಲು, ತುಪ್ಪ ಸೇರಿದರೆ ಬಲೆ ಮೃದುವಾಗಿ ಬನ್ನು ಮಾರನೇ ದಿನಕ್ಕೂ ಗಟ್ಟಿಯಾಗದು. ಸಕ್ಕರೆ ಜಾಸ್ತಿಯಾದರೆ ಮಾತ್ರ ಈಸ್ಟಿನ ಕೆಲಸ ನಿಧಾನವಾಗುತ್ತದೆ. ಸಿಹಿ ಹಿಟ್ಟು ಉಬ್ಬಲು ತಡ ಮಾಡುವುದು ಅದಕ್ಕೇ. ಗಾಬರಿ ಬೀಳದೆ ಕಾಯಬೇಕು.

ಓವನ್ ಇಲ್ಲದ ಮನೆಯಲ್ಲೂ ಬನ್ನು ಆಗುತ್ತದೆ. ದಪ್ಪ ತಳದ ಹಳೇ ಪಾತ್ರೆಯಲ್ಲಿ ಒಂದಂಗುಲ ಕಲ್ಲುಪ್ಪು ಅಥವಾ ತೊಳೆದು ಒಣಗಿಸಿದ ಮರಳು ಹರವಿ, ಮೇಲೆ ಸಣ್ಣ ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ, ಆಮೇಲೆ ಬನ್ನಿನ ತಟ್ಟೆ ಇಟ್ಟರೆ ಸಣ್ಣ ಉರಿಯಲ್ಲಿ ಬೇಯುತ್ತದೆ. ಮೇಲೆ ಕೆಂಪು ಬಣ್ಣ ಅಷ್ಟಾಗಿ ಬರದು, ರುಚಿಗೇನೂ ಕಡಿಮೆಯಿಲ್ಲ.

ರಾಗಿ ಸೀಮೆಯ ಬನ್ನು

ಧರ್ಮಪುರಿ ಅಂದ ಮೇಲೆ ರಾಗಿ ಬಿಟ್ಟು ಮಾತಾಡುವ ಹಾಗಿಲ್ಲ. ಮಳೆ ನಂಬಿದ ಈ ಹೊಲಗಳಲ್ಲಿ ರಾಗಿಯೇ ದಿನದ ಊಟ. ನಮ್ಮ ಮುದ್ದೆ ಇಲ್ಲಿ ತಮಿಳಿನಲ್ಲಿ 'ಕಳಿ'. ಸಂಯುಕ್ತ ರಾಷ್ಟ್ರ ಸಂಘ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದಾಗ ತಮಿಳುನಾಡು ಸರ್ಕಾರ ಧರ್ಮಪುರಿ ಮತ್ತು ನೀಲಗಿರಿ ಜಿಲ್ಲೆಗಳಲ್ಲಿ ರೇಷನ್ ಕಾರ್ಡಿಗೆ 2 ಕೆ.ಜಿ. ರಾಗಿ ಕೊಡುವ ಯೋಜನೆಯನ್ನು ಪ್ರಯೋಗವಾಗಿ ಶುರು ಮಾಡಿತು.

ರಾಗಿಯಲ್ಲೇ ಪೂರ್ತಿ ಬನ್ನು ಮಾಡುತ್ತೇವೆಂದು ಹೊರಟು ಕೈಸುಟ್ಟುಕೊಂಡವರುಂಟು. ರಾಗಿಯಲ್ಲಿ ಆ ಅಂಟಿನ ಬಲೆ ಇಲ್ಲ, ಹೀಗಾಗಿ ಗಾಳಿ ನಿಲ್ಲದು. ಬನ್ನು ಇಟ್ಟಿಗೆಯಾಗುತ್ತದೆ. ನಾಲ್ಕು ಪಾಲಿನಲ್ಲಿ ಒಂದು ಪಾಲು ರಾಗಿ ಹಿಟ್ಟು, ಮೂರು ಪಾಲು ಮೈದಾ ಹಾಕಿದರೆ ಮೆತ್ತಗೂ ಇರುತ್ತದೆ, ರಾಗಿಯ ಘಮವೂ ಸಿಗುತ್ತದೆ. ರಾಗಿ ಹಿಟ್ಟು ಹೆಚ್ಚು ನೀರು ಕುಡಿಯುತ್ತದೆ, ಎರಡು ಚಮಚ ಹಾಲು ಜಾಸ್ತಿ ಬೇಕು.

ಬೆಲ್ಲದ ವಿಷಯದಲ್ಲಿ ಈ ಸೀಮೆ ಪುಣ್ಯವಂತ. ಓಮಲೂರು ಸುತ್ತಮುತ್ತ ಆಲೆಮನೆಗಳಿವೆ. ಕೊಳ್ಳುವಾಗ ಮಾತ್ರ ಬಣ್ಣಕ್ಕೆ ಮರುಳಾಗಬಾರದು. ಹಳದಿಯಾಗಿ ಹೊಳೆಯುವ ಬೆಲ್ಲಕ್ಕೆ 'ಹೈಡ್ರೋಸ್' ಎಂಬ ರಾಸಾಯನಿಕ ಹಾಕಿರುವ ಸಂಭವ ಹೆಚ್ಚು. ಕಪ್ಪಗಿರುವ ಬೆಲ್ಲವೇ ಒಬ್ಬಟ್ಟಿಗೆ ವಾಸಿ. ಹೂರಣದ ಬಣ್ಣ ಗಾಢವಾಗುತ್ತದೆ, ರುಚಿ ಬೇರೆಯೇ.

ಸೇಲಂನ ಸಬ್ಬಕ್ಕಿ, ನಮ್ಮ ಪಾಯಸ

ಒಬ್ಬಟ್ಟಿನ ಪಕ್ಕ ಪಾಯಸ ಇಲ್ಲದಿದ್ದರೆ ಹಬ್ಬದ ಎಲೆ ತುಂಬದು. ಬೆಂಗಳೂರಿನ ಅಂಗಡಿಯಲ್ಲಿ ನಾವು ಕೊಳ್ಳುವ ಸಬ್ಬಕ್ಕಿ ಸೇಲಂ ಕಡೆಯಿಂದ ಬಂದದ್ದಾಗಿರುವ ಸಾಧ್ಯತೆ ದೊಡ್ಡದು. ತಮಿಳಿನಲ್ಲಿ ಇದಕ್ಕೆ 'ಜವ್ವರಿಸಿ' ಎಂದು ಹೆಸರು. ಜಾವಾದಿಂದ ಬಂದ ಅಕ್ಕಿ ಎಂಬ ಅರ್ಥ ಎನ್ನುತ್ತಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಆಗ್ನೇಯ ಏಷ್ಯಾದಿಂದ ಬರುತ್ತಿದ್ದ ಸಬ್ಬಕ್ಕಿ ನಿಂತುಹೋದಾಗ ಸೇಲಂನಲ್ಲಿ ಮರಗೆಣಸಿನ ಹಾಲಿನಿಂದ ಅದನ್ನು ತಯಾರಿಸುವ ಉದ್ಯಮ ಬೆಳೆಯಿತು. 1981ರಲ್ಲಿ ತಯಾರಕರ ಸಹಕಾರ ಸಂಘ 'ಸಾಗೋಸರ್ವ್' ಹುಟ್ಟಿತು. 2023ರಲ್ಲಿ ಸೇಲಂ ಸಬ್ಬಕ್ಕಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು.

ದೊಡ್ಡಮ್ಮನ ಸಬ್ಬಕ್ಕಿ ಪಾಯಸಕ್ಕೆ ಏಲಕ್ಕಿ, ಒಂದು ಚೂರು ಜಾಯಿಕಾಯಿ, ತುಪ್ಪದಲ್ಲಿ ಹುರಿದ ಎರಡು ಲವಂಗ ಬೀಳಬೇಕು. ಬೆಲ್ಲದ ಪಾಯಸವಾದರೆ ಒಣಶುಂಠಿಯೂ ಬೇಕು. ಇದಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಸಾಲಿದೆ: 'ಬೆಲ್ಲ ಆರಿದ ಮೇಲೆ ಹಾಲು.' ಹುಡುಗಿ ಯಾಕೆಂದು ಕೇಳಿದಳು. "ಬಿಸೀಲಿ ಹಾಕಿದ್ರೆ ಒಡೆಯುತ್ತೆ, ಇನ್ಯಾಕೆ?" ಅಂದರು ಅಜ್ಜಿ. ಬೆಲ್ಲದಲ್ಲಿರುವ ಹುಳಿ ಅಂಶಕ್ಕೆ ಬಿಸಿ ಸೇರಿದರೆ ಹಾಲು ಒಡೆಯುತ್ತದೆ ಎಂದು ಪುಸ್ತಕದವರು ಹೇಳುವುದೂ ಅದನ್ನೇ. ಆ ಐದಾರು ಪದದ ಹಿಂದಿನ ಕಾರಣ ಈಗ ಕಾಗದಕ್ಕೆ ಬಂದಿದೆ.

ಬರೆದಿಡುವುದು ಹೇಗೆ?

ಯುಗಾದಿಯ ಆ ದಿನದಿಂದ ಮೊಮ್ಮಗಳು ಒಂದು ಹೊಸ ನೋಟ್‌ಬುಕ್ ಇಟ್ಟಿದ್ದಾಳೆ. ಅವಳ ಕ್ರಮ ಬೇರೆ ಮನೆಗಳಿಗೂ ಉಪಯೋಗವಾದೀತು.

ಮೊದಲನೆಯದು ತೂಕ. ದೊಡ್ಡಮ್ಮ ಅಳೆಯುವುದು ಪಾವು, ಹಿಡಿ, ಚಿಟಿಕೆ ಲೆಕ್ಕದಲ್ಲಿ. ಒಬ್ಬರ ಹಿಡಿ ಇನ್ನೊಬ್ಬರ ಹಿಡಿಯಲ್ಲ. ಪಾವು ಕೂಡ ಮನೆಮನೆಗೆ ಒಂದೊಂದು ಡಬ್ಬಿ. ಅಜ್ಜಿ ಕೈಯಿಂದ ಹಾಕುವ ಮುಂಚೆ ಪಾತ್ರೆಯನ್ನು ತಕ್ಕಡಿ ಮೇಲಿಟ್ಟು, ಹಾಕಿದ ಮೇಲೆ ಎಷ್ಟಾಯಿತು ಎಂದು ಗ್ರಾಂನಲ್ಲಿ ಬರೆದುಕೊಳ್ಳುತ್ತಾಳೆ. ಅಜ್ಜಿಗೆ ಏನೂ ತೊಂದರೆಯಿಲ್ಲ, ಅವರ ಪಾಡಿಗೆ ಅವರು ಹಾಕುತ್ತಾರೆ.

ಎರಡನೆಯದು ದನಿ. ಅಡುಗೆ ಮಾಡುವಾಗ ಮೊಬೈಲನ್ನು ಪಕ್ಕದಲ್ಲಿಟ್ಟು ಅಜ್ಜಿಯ ಮಾತು ರೆಕಾರ್ಡ್ ಮಾಡುತ್ತಾಳೆ. ಕೂತು ಹೇಳಿ ಅಂದರೆ ಅರ್ಧ ಮರೆತುಬಿಡುತ್ತಾರೆ. ಕೈ ಆಡುವಾಗ ಬಾಯಿ ತಾನಾಗಿ ಬರುತ್ತದೆ.

ಮೂರನೆಯದು ಕಾರಣ. ಪ್ರತಿ ಸಾಲಿಗೂ 'ಯಾಕೆ' ಎಂದು ಕೇಳುತ್ತಾಳೆ. ಕೆಲವಕ್ಕೆ ಉತ್ತರವಿದೆ, ಕೆಲವಕ್ಕೆ "ನಮ್ಮತ್ತೆ ಹಂಗೇ ಮಾಡ್ತಿದ್ರು" ಎಂಬುದೇ ಉತ್ತರ. ಅದನ್ನೂ ಬರೆದುಕೊಳ್ಳುತ್ತಾಳೆ.

ನಾಲ್ಕನೆಯದು ಅಕ್ಷರ. ವಿವರವನ್ನೆಲ್ಲ ಅವಳು ತಮಿಳಿನಲ್ಲೇ ಬರೆಯುತ್ತಾಳೆ. ಅವಳಿಗೆ ಸಲೀಸಾದದ್ದು ಅದೇ, ಅದರಲ್ಲಿ ತಪ್ಪೇನಿಲ್ಲ. ಆದರೆ ಹದದ ಮಾತು, ಅಳತೆಯ ಮಾತು, ತಿಂಡಿಯ ಹೆಸರು ಮಾತ್ರ ಕನ್ನಡ ಅಕ್ಷರದಲ್ಲಿ. ಅದಕ್ಕಾಗಿ ಬೆಂಗಳೂರಿನಿಂದ ಒಂದು ಕಾಗುಣಿತದ ಪುಸ್ತಕ ತರಿಸಿಕೊಟ್ಟಿದ್ದೇನೆ.

ಸಣ್ಣ ಆದಾಯದ ಆಸೆಯಿಂದ ಹಬ್ಬಕ್ಕೆ ಒಬ್ಬಟ್ಟು, ಬನ್ನು ಮಾಡಿ ಮಾರುವ ಹೆಂಗಸರಿಗೂ ಇದು ಅನುಕೂಲ. ತೂಕ ಬರೆದಿಟ್ಟರೆ ಪ್ರತಿ ಸಲವೂ ಒಂದೇ ರುಚಿ ಬರುತ್ತದೆ, ಖರ್ಚು ಎಷ್ಟು ಎಂದೂ ಗೊತ್ತಾಗುತ್ತದೆ. 2006ರ ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ಮನೆಯಲ್ಲಿ ಮಾಡಿ ಮಾರುವವರೂ ನೋಂದಣಿ ಮಾಡಿಸಬೇಕು ಎಂಬುದನ್ನು ಮರೆಯಬಾರದು.

ಹೋದ ತಿಂಗಳು ಧರ್ಮಪುರಿಗೆ ಹೋದಾಗ ಹುಡುಗಿ ಹೊಸ ನೋಟ್‌ಬುಕ್ ತೋರಿಸಿದಳು. ಮೊದಲ ಪುಟದಲ್ಲಿ ದಪ್ಪ ದಪ್ಪ ಅಕ್ಷರದಲ್ಲಿ ಹತ್ತು ಕನ್ನಡ ಪದಗಳು. ಒಬ್ಬಟ್ಟಿನ ಟಕಾರದ ಒತ್ತು ತಪ್ಪಿತ್ತು, ತಿದ್ದಿಕೊಟ್ಟೆ. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಪುಸ್ತಕ ಹತ್ತಿರಕ್ಕೆ ಎಳೆದುಕೊಂಡರು.

"ಇದ್ರಲ್ಲಿ ಬಾಗ ಯಾವ್ದು, ಪಾಕ ಯಾವ್ದು? ನಂಗೂ ತೋರ್ಸು."

ಮೊಮ್ಮಗಳು ಬೆರಳಿಟ್ಟು ತೋರಿಸಿದಳು. ದೊಡ್ಡಮ್ಮ ಎರಡನ್ನೂ ಬಹಳ ಹೊತ್ತು ನೋಡಿದರು. "ಹ್ಞೂ, ಬ್ಯಾರೆ ಬ್ಯಾರೆ ಕಾಣ್ತವೆ" ಅಂದು ಬೇಳೆ ಬಸಿಯಲು ಎದ್ದರು.

ಹೂರಣದ ಬನ್ನು: ಮನೆಯಲ್ಲೇ ಮಾಡಿ

(10 ಬನ್ನಿಗೆ)

ಹಿಟ್ಟಿಗೆ: ಮೈದಾ 300 ಗ್ರಾಂ, ಇನ್‌ಸ್ಟಂಟ್ ಈಸ್ಟ್ 5 ಗ್ರಾಂ, ಸಕ್ಕರೆ 40 ಗ್ರಾಂ, ಉಪ್ಪು 4 ಗ್ರಾಂ, ಉಗುರುಬೆಚ್ಚಗಿನ ಹಾಲು 180 ಮಿ.ಲೀ., ಬೆಣ್ಣೆ ಅಥವಾ ತುಪ್ಪ 40 ಗ್ರಾಂ.

ಹೂರಣಕ್ಕೆ: ಕಡಲೆಬೇಳೆ 125 ಗ್ರಾಂ, ಬೆಲ್ಲ 125 ಗ್ರಾಂ (ಸಮಭಾಗ, ಪಾಕವಲ್ಲ!), ಏಲಕ್ಕಿ 5, ಜಾಯಿಕಾಯಿ ಪುಡಿ ಒಂದು ಚಿಟಿಕೆ.

ವಿಧಾನ: ಬೇಳೆಯನ್ನು ಬೆರಳಲ್ಲಿ ಹಿಸುಕಿದರೆ ನುರಿಯುವಷ್ಟು ಬೇಯಿಸಿ, ನೀರು ಪೂರ್ತಿ ಬಸಿಯಿರಿ. ಬಸಿದ ಕಟ್ಟನ್ನು ಚೆಲ್ಲದೆ ಸಾರಿಗೆ ಇಟ್ಟುಕೊಳ್ಳಿ. ಬೇಳೆಗೆ ಪುಡಿ ಮಾಡಿದ ಬೆಲ್ಲ ಸೇರಿಸಿ, ನೀರು ಹಾಕದೆ, ಗಟ್ಟಿಯಾಗುವ ತನಕ ಮಗುಚಿ. ಆರಿದ ಮೇಲೆ ಏಲಕ್ಕಿ, ಜಾಯಿಕಾಯಿ ಸೇರಿಸಿ ರುಬ್ಬಿ, 10 ಉಂಡೆ ಮಾಡಿ.

ಹಿಟ್ಟಿನ ಸಾಮಾನೆಲ್ಲ ಸೇರಿಸಿ 10ರಿಂದ 12 ನಿಮಿಷ ಚೆನ್ನಾಗಿ ನಾದಿ. ಮುಚ್ಚಿಟ್ಟು ಎರಡರಷ್ಟು ಉಬ್ಬುವ ತನಕ, ಸುಮಾರು ಒಂದೂವರೆ ಗಂಟೆ, ಬಿಡಿ. 10 ಪಾಲು ಮಾಡಿ, ಒಂದೊಂದರಲ್ಲೂ ಹೂರಣದ ಉಂಡೆ ಇಟ್ಟು ಒಬ್ಬಟ್ಟಿನ ಹಾಗೆಯೇ ಮುಚ್ಚಿ. ಮುಚ್ಚಿದ ಕಡೆ ಕೆಳಗೆ ಬರುವಂತೆ ತಟ್ಟೆಯಲ್ಲಿಟ್ಟು ಇನ್ನೂ ಅರ್ಧ ಗಂಟೆ ಬಿಡಿ. ಮೇಲೆ ಹಾಲು ಸವರಿ, ಮೊದಲೇ ಕಾದ ಓವನ್‌ನಲ್ಲಿ 180 ಡಿಗ್ರಿ ಸೆಲ್ಸಿಯಸ್‌ನಲ್ಲಿ 20 ನಿಮಿಷ ಬೇಯಿಸಿ. ಹೊರತೆಗೆದ ಕೂಡಲೇ ತುಪ್ಪ ಸವರಿ, ಬಟ್ಟೆ ಮುಚ್ಚಿಡಿ. ರಾಗಿ ಬೇಕಾದವರು ಮೈದಾದಲ್ಲಿ 75 ಗ್ರಾಂ ಕಡಿಮೆ ಮಾಡಿ ಅಷ್ಟೇ ರಾಗಿ ಹಿಟ್ಟು ಸೇರಿಸಬಹುದು.